‘ರಾಜಕೀಯ ಮಾಡಬೇಡಿ’ ಅನ್ನುವ ರಾಜಕೀಯ

2023ರ ಏಪ್ರಿಲ್ 18ರಂದು ಸಿದ್ದರಾಮಯ್ಯ ಒಂದು ಟ್ವೀಟ್ ಮಾಡಿದರು. ಸುಡಾನ್‌ನಲ್ಲಿ ಯುದ್ಧ ಶುರುವಾಗಿ ಮೂರು ದಿನ ಆಗಿತ್ತು. ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದ 31 ಮಂದಿ ಅಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ, ಕೇಂದ್ರ ಸರ್ಕಾರ ಕೂಡಲೇ ಮಧ್ಯೆ ಪ್ರವೇಶಿಸಬೇಕು ಅನ್ನೋದು ಅದರ ಸಾರ. ಅದೇ ದಿನ ವಿದೇಶಾಂಗ ಸಚಿವ ಜೈಶಂಕರ್ ಉತ್ತರ ಕೊಟ್ಟರು: ನಿಮ್ಮ ಟ್ವೀಟ್ ನೋಡಿ ದಿಗ್ಭ್ರಮೆಯಾಯಿತು, ಜೀವಗಳು ಅಪಾಯದಲ್ಲಿವೆ, ರಾಜಕೀಯ ಮಾಡಬೇಡಿ. ಸಿದ್ದರಾಮಯ್ಯನವರು ಸುಮ್ಮನಾಗುವ ಪೈಕಿ ಅಲ್ಲ. ವಿದೇಶಾಂಗ ಸಚಿವರು ನೀವು, ಅದಕ್ಕೇ ನಿಮ್ಮನ್ನು ಕೇಳಿದ್ದು. ದಿಗ್ಭ್ರಮೆಗೊಳ್ಳುವುದರಲ್ಲೇ ನಿಮಗೆ ಪುರುಸೊತ್ತಿಲ್ಲ ಅಂದರೆ ನಮ್ಮ ಜನರನ್ನು ವಾಪಸ್ ಕರೆತರುವವರು ಯಾರು ಅಂತಾದರೂ ತೋರಿಸಿ ಎಂದರು. ಕರ್ನಾಟಕದಲ್ಲಿ ಮತದಾನಕ್ಕೆ ಮೂರು ವಾರ ಬಾಕಿ ಇತ್ತು.

ನಮ್ಮಲ್ಲಿ ಬಹಳ ಜನ ಇದನ್ನು ಓದಿದ್ದು ಕ್ರಿಕೆಟ್ ಸ್ಕೋರ್ ನೋಡುವ ಹಾಗೆ. ಯಾರು ಚೆನ್ನಾಗಿ ಕೊಟ್ಟರು, ಯಾರಿಗೆ ಲೈಕ್ ಜಾಸ್ತಿ ಬಂತು. ಎರಡು ದಿನ ಆಫೀಸಿನ ವಾಟ್ಸಾಪ್ ಗುಂಪುಗಳಲ್ಲಿ ಸ್ಕ್ರೀನ್‌ಶಾಟ್ ಓಡಾಡಿತು, ಆಮೇಲೆ ಐಪಿಎಲ್ ಬಂತು. ನನಗೆ ಮಾತ್ರ ಆ ‘ರಾಜಕೀಯ ಮಾಡಬೇಡಿ’ ಅನ್ನುವ ಮಾತು ಇವತ್ತಿಗೂ ತಲೆಯಲ್ಲಿ ಉಳಿದುಕೊಂಡಿದೆ. ಎಲ್ಲೋ ದೂರದಲ್ಲಿ ನಮ್ಮವರ ಮೇಲೆ ಗುಂಡು ಹಾರುತ್ತಿರುವಾಗ, ಅವರನ್ನು ಕಾಪಾಡಬೇಕಾದ ಕಚೇರಿಯೇ ಗುಂಡಿನ ನಡುವೆ ಸಿಕ್ಕಿರುವಾಗ, ಇಲ್ಲಿ ಸುರಕ್ಷಿತವಾಗಿ ಕೂತವರು ಜೋರಾಗಿ ಪ್ರಶ್ನೆ ಕೇಳಬಹುದಾ? ಕೇಳೋದು ಜವಾಬ್ದಾರಿಯಾ, ಇಲ್ಲ ಹೊಣೆಗೇಡಿತನವಾ?

ಮೊದಲು ಖಾರ್ಟೂಮ್‌ನ ಪರಿಸ್ಥಿತಿ ಏನಿತ್ತು ನೋಡೋಣ. ಏಪ್ರಿಲ್ 15ರಂದು ಅಲ್ಲಿ ಕಾದಾಟ ಶುರುವಾದದ್ದು ಬೇರೆ ದೇಶದ ದಾಳಿಯಿಂದ ಅಲ್ಲ. ಒಂದೇ ಸರ್ಕಾರದ ಎರಡು ಬಂದೂಕುಗಳು ಪರಸ್ಪರ ತಿರುಗಿಕೊಂಡವು. ಒಂದು ಕಡೆ ಜನರಲ್ ಬುರ್ಹಾನ್ ಅವರ ಸೇನೆ, ಇನ್ನೊಂದು ಕಡೆ ಹೆಮೆಟ್ಟಿ ಅಂತ ಕರೆಸಿಕೊಳ್ಳುವ ದಗಾಲೊ ಅವರ ಅರೆಸೇನಾ ಪಡೆ ಆರ್‌ಎಸ್‌ಎಫ್. ವಿಮಾನ ನಿಲ್ದಾಣದ ಸುತ್ತಲೇ ಘೋರ ಕಾಳಗ. ನಮ್ಮ ರಾಯಭಾರ ಕಚೇರಿ ಇದ್ದದ್ದು ಅದರ ಹತ್ತಿರವೇ. ಕಚೇರಿ ಕೆಲಸ ಮಾಡುತ್ತಿದೆ, ಆದರೆ ಆ ಕಟ್ಟಡದಲ್ಲಿ ಯಾರೂ ಇಲ್ಲ, ಅಧಿಕಾರಿಗಳು ಬೇರೆ ಬೇರೆ ಕಡೆಯಿಂದ ಕೆಲಸ ಮಾಡುತ್ತಿದ್ದಾರೆ ಅಂತ ದೆಹಲಿಯಲ್ಲಿ ವಕ್ತಾರರು ಹೇಳಿದರು. ಅದೇ ವಾರ ಐರೋಪ್ಯ ಒಕ್ಕೂಟದ ರಾಯಭಾರಿಯ ಮೇಲೆ ಅವರ ಮನೆಯೊಳಗೇ ಹಲ್ಲೆಯಾಯಿತು. ಅಮೆರಿಕದ ರಾಜತಾಂತ್ರಿಕ ವಾಹನಗಳ ಮೇಲೆ ಗುಂಡು ಹಾರಿತು. ಕೆಲವೇ ದಿನಗಳಲ್ಲಿ ಈಜಿಪ್ಟ್ ರಾಯಭಾರ ಕಚೇರಿಯ ಸಿಬ್ಬಂದಿಯೊಬ್ಬರು ಕೊಲೆಯಾದರು. ಮೇ ತಿಂಗಳಲ್ಲಿ ಕತಾರ್ ಕಚೇರಿಯನ್ನು ನುಗ್ಗಿ ದೋಚಿದರು.

1961ರ ವಿಯೆನ್ನಾ ಒಪ್ಪಂದದಲ್ಲಿ ಇದಕ್ಕೆಲ್ಲ ನಿಯಮ ಇದೆ. 22ನೇ ವಿಧಿ ಪ್ರಕಾರ ರಾಯಭಾರ ಕಚೇರಿಯೊಳಗೆ ಆತಿಥೇಯ ದೇಶದ ಪೊಲೀಸರೂ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. ಬೇರೆಯವರು ನುಗ್ಗದ ಹಾಗೆ ನೋಡಿಕೊಳ್ಳುವುದು ಆತಿಥೇಯರ ವಿಶೇಷ ಹೊಣೆ. ಚೆಂದದ ನಿಯಮ. ಆದರೆ ಮನೆ ಯಜಮಾನ ಯಾರು ಅನ್ನುವುದಕ್ಕೇ ಅಣ್ಣ ತಮ್ಮ ಹೊಡೆದಾಡ್ತಿದ್ದರೆ ಅತಿಥಿ ಯಾರ ಹತ್ತಿರ ದೂರು ಹೇಳಬೇಕು? ಕಾಗದದ ಮೇಲಿನ ರಕ್ಷಣೆ ಪೂರ್ತಿ ನಿಂತಿರುವುದು ಒಬ್ಬ ಯಜಮಾನ ಇದ್ದಾನೆ ಅನ್ನುವ ನಂಬಿಕೆಯ ಮೇಲೆ.

ಅದೇ ಒಪ್ಪಂದದ 3ನೇ ವಿಧಿಯನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ರಾಯಭಾರ ಕಚೇರಿ ಇರುವುದು ಯಾಕೆ ಅಂತ ಅಲ್ಲಿದೆ. ತನ್ನ ದೇಶವನ್ನು ಪ್ರತಿನಿಧಿಸುವುದು ಒಂದು ಕೆಲಸ; ತನ್ನ ದೇಶದವರ ಹಿತ ಕಾಯುವುದು ಅದರ ಜೊತೆಯದೇ ಇನ್ನೊಂದು ಕೆಲಸ. ಈ ಎರಡು ಕೆಲಸಗಳು ಒಂದೇ ಅಲ್ಲ. ಕಚೇರಿಯ ಮೇಲೆ ದಾಳಿಯಾದಾಗ ನಮಗೆ ಯಾವುದು ಹೆಚ್ಚು ನೋವು ಕೊಡುತ್ತದೆ ಅನ್ನುವುದರಿಂದ ನಮ್ಮ ಬಗ್ಗೆಯೇ ಒಂದಷ್ಟು ಗೊತ್ತಾಗುತ್ತದೆ.

ಹಿಂದಿನ ತಿಂಗಳ ಉದಾಹರಣೆಯನ್ನೇ ತಗೊಳ್ಳಿ. 2023ರ ಮಾರ್ಚ್ 19ರಂದು ಲಂಡನ್ನಿನ ನಮ್ಮ ಹೈಕಮಿಷನ್ ಮುಂದೆ ಖಾಲಿಸ್ತಾನಿ ಪ್ರತಿಭಟನಕಾರರು ಸೇರಿ, ಒಬ್ಬ ಬಾಲ್ಕನಿ ಹತ್ತಿ ತ್ರಿವರ್ಣ ಧ್ವಜ ಕೆಳಗಿಳಿಸಿದ. ಅವತ್ತು ರಾತ್ರಿಯೇ ದೆಹಲಿಯಲ್ಲಿ ಬ್ರಿಟನ್ನಿನ ಹಿರಿಯ ರಾಜತಾಂತ್ರಿಕರನ್ನು ಕರೆಸಿ ಛೀಮಾರಿ. ಮೂರು ದಿನ ಕಳೆದು ಚಾಣಕ್ಯಪುರಿಯಲ್ಲಿ ಬ್ರಿಟಿಷ್ ಹೈಕಮಿಷನ್ ಎದುರಿದ್ದ ಪೊಲೀಸ್ ಬ್ಯಾರಿಕೇಡ್‌ಗಳು ಮಾಯ. ನನಗೂ ಆ ವಿಡಿಯೊ ನೋಡಿ ಮೈ ಉರಿದಿತ್ತು, ಸುಳ್ಳು ಯಾಕೆ ಹೇಳಲಿ. ಆಗ ಯಾರೂ ಯಾರಿಗೂ ‘ರಾಜಕೀಯ ಮಾಡಬೇಡಿ’ ಅನ್ನಲಿಲ್ಲ. ಧ್ವಜದ ವಿಷಯದಲ್ಲಿ ಎಲ್ಲ ಪಕ್ಷದವರೂ, ಎಲ್ಲ ಚಾನೆಲ್ಲಿನವರೂ ಎಷ್ಟು ಬೇಕಾದರೂ ಕೂಗಬಹುದಿತ್ತು. ಒಂದು ತಿಂಗಳ ನಂತರ, ಕೂದಲೆಣ್ಣೆ ಮಾರಲು ಹೋದ 31 ಜನರ ವಿಷಯದಲ್ಲಿ ಕೂಗಿದರೆ ಅದು ರಾಜಕೀಯವಾಯಿತು.

ಅವಮಾನಕ್ಕೆ ತೀರಿಸಿಕೊಳ್ಳುವ ಈ ಲೆಕ್ಕ ಹಳೆಯದು. 1967ರ ಜೂನ್‌ನಲ್ಲಿ, ಸಾಂಸ್ಕೃತಿಕ ಕ್ರಾಂತಿಯ ಅಬ್ಬರದಲ್ಲಿ, ಚೀನಾ ನಮ್ಮ ಇಬ್ಬರು ರಾಜತಾಂತ್ರಿಕರ ಮೇಲೆ ಗೂಢಚಾರಿಕೆಯ ಆರೋಪ ಹೊರಿಸಿ ಹೊರಹಾಕಿತು. ಪೀಕಿಂಗ್ ವಿಮಾನ ನಿಲ್ದಾಣದಲ್ಲಿ ಅವರನ್ನು ಗುಂಪು ಥಳಿಸಿತು. ಅದಕ್ಕೆ ಉತ್ತರವಾಗಿ ದೆಹಲಿಯಲ್ಲಿ ನಮ್ಮ ಗುಂಪೊಂದು ಚೀನಾ ರಾಯಭಾರ ಕಚೇರಿಗೆ ನುಗ್ಗಿ ಅಲ್ಲಿದ್ದವರನ್ನು ಥಳಿಸಿತು. ಆಮೇಲೆ ಪೀಕಿಂಗ್‌ನಲ್ಲಿ ನಮ್ಮ ಕಚೇರಿಗೆ ಮುತ್ತಿಗೆ. ಒಳಗಿದ್ದವರು ಹೊರಗೆ ಬರುವ ಹಾಗಿಲ್ಲ. ಅಂದರೆ ದೆಹಲಿಯಲ್ಲಿ ದೇಶಭಕ್ತಿ ತೋರಿಸಿದವರ ಬಿಲ್ಲು ಪೀಕಿಂಗ್‌ನಲ್ಲಿದ್ದ ನಮ್ಮವರ ಹೆಸರಿಗೇ ಹೋಯಿತು. ಅವತ್ತು ಪೆಟ್ಟು ತಿಂದ ಇಬ್ಬರಲ್ಲಿ ಒಬ್ಬರಾದ ಕೆ. ರಘುನಾಥ್ ಮೂವತ್ತು ವರ್ಷದ ನಂತರ ದೇಶದ ವಿದೇಶಾಂಗ ಕಾರ್ಯದರ್ಶಿಯಾದರು ಅನ್ನುವುದು ಇತಿಹಾಸದ ಒಂದು ಸಣ್ಣ ಸಮಾಧಾನ.

ಈಗ ಹಕ್ಕಿಪಿಕ್ಕಿಗಳ ವಿಷಯಕ್ಕೆ ಬರೋಣ. ನಾನು ಸಕ್ರೆಬೈಲಿನವನು. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಹದಿನಾಲ್ಕು ಕಿಲೋಮೀಟರ್, ಗಾಜನೂರು ಅಣೆಕಟ್ಟಿನ ಹಿನ್ನೀರಿನ ದಂಡೆ, ನೀವು ವೀಕೆಂಡಿನಲ್ಲಿ ಬಂದು ಆನೆ ಸ್ನಾನದ ಫೋಟೊ ತೆಗೆದುಕೊಂಡು ಹೋಗುವ ಊರು. ನಮ್ಮ ಜಿಲ್ಲೆಯಲ್ಲಿ ‘ಕ್ಯಾಂಪ್’ ಅಂದರೆ ಎರಡು ಅರ್ಥ. ಒಂದು ನಮ್ಮೂರ ಆನೆ ಕ್ಯಾಂಪು. ಇನ್ನೊಂದು ಹಕ್ಕಿಪಿಕ್ಕಿ ಕ್ಯಾಂಪು. ಅಲೆಮಾರಿಗಳನ್ನು ತಂದು ಒಂದು ಕಡೆ ನೆಲೆ ನಿಲ್ಲಿಸಿದ ಜಾಗಕ್ಕೆ ಎರಡು ತಲೆಮಾರು ಕಳೆದರೂ ಹೆಸರು ಕ್ಯಾಂಪು ಅಂತಲೇ. ಊರು ಅಂತ ಆಗಲೇ ಇಲ್ಲ. ಮನೆಯಲ್ಲಿ ಗುಜರಾತಿಗೆ ಹತ್ತಿರದ ವಾಗ್ರಿ ಭಾಷೆ, ಹೊರಗೆ ಕನ್ನಡ, ಸಂತೆಗೆ ತಕ್ಕ ಹಾಗೆ ಹಿಂದಿ, ತಮಿಳು, ತೆಲುಗು. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಬೇಟೆ ಅಪರಾಧವಾಯಿತು. ಜನ ಗಿಡಮೂಲಿಕೆ, ಎಣ್ಣೆ, ಪ್ಲಾಸ್ಟಿಕ್ ಹೂ ಹಿಡಿದರು. ಆಮೇಲೆ ಆಫ್ರಿಕಾ. ಹುಣಸೂರಿನ ಪಕ್ಷಿರಾಜಪುರದವರು, ಚನ್ನಗಿರಿ ಕಡೆಯವರು, ಶಿವಮೊಗ್ಗದವರು ಪಾಸ್‌ಪೋರ್ಟು, ವೀಸಾ ಮಾಡಿಸಿಕೊಂಡು, ಹೆಂಡತಿ ಮಕ್ಕಳ ಜೊತೆ ಹೋಗಿ ಮಾರಿ ಬರತೊಡಗಿದರು. ಸುಡಾನ್‌ನಲ್ಲಿ ಕೆಲವರು ಎಲ್ ಫಾಶರ್ ಅನ್ನುವ ಊರಿನಲ್ಲಿದ್ದರು. ಅದು ಡಾರ್ಫುರ್ ಪ್ರಾಂತ್ಯ, ದೇಶದ ಪಶ್ಚಿಮದ ತುದಿ. ಹಡಗು ಸಿಗುವ ಪೋರ್ಟ್ ಸುಡಾನ್ ಇರುವುದು ಪೂರ್ವದ ತುದಿಯಲ್ಲಿ, ಕೆಂಪು ಸಮುದ್ರದ ದಡದಲ್ಲಿ.

ಆ ಸುದ್ದಿ ಬಂದಾಗ ನಾನು ಹೆಚ್ಚು ಕೇಳಿದ ಪ್ರಶ್ನೆ ‘ಅಲ್ಲಿಗೆ ಯಾಕೆ ಹೋದರು ಇವರು?’ ಅನ್ನುವುದು. ಕೇಳಿದವರು ಕೆಟ್ಟವರಲ್ಲ, ನನ್ನ ಜೊತೆ ಊಟಕ್ಕೆ ಕೂರುವವರೇ. ಆದರೆ ಗಮನಿಸಿ: ನಮ್ಮಂಥವರು ಹೋದರೆ ಅದು ಆನ್‌ಸೈಟ್. ಅವರು ಹೋದರೆ ‘ಯಾಕೆ ಹೋದರು’. ನಮ್ಮ ವೀಸಾ ತಡವಾದರೆ ಅದು ರಾಷ್ಟ್ರೀಯ ಸಮಸ್ಯೆ, ಪ್ರೈಮ್ ಟೈಮ್ ಚರ್ಚೆ. ಪಾಸ್‌ಪೋರ್ಟಿನ ಒಳಪುಟವನ್ನು ಒಮ್ಮೆ ತೆಗೆದು ಓದಿ. ಈ ಪುಸ್ತಕ ಹಿಡಿದವರನ್ನು ಅಡೆತಡೆಯಿಲ್ಲದೆ ಓಡಾಡಲು ಬಿಡಿ, ಅವರಿಗೆ ಬೇಕಾದ ನೆರವು, ರಕ್ಷಣೆ ಕೊಡಿ ಅಂತ ರಾಷ್ಟ್ರಪತಿಗಳ ಹೆಸರಿನಲ್ಲಿ ಜಗತ್ತಿಗೆ ಬರೆದ ವಿನಂತಿ ಅದು. ಸಂಬಳದ ಸ್ಲಿಪ್ ನೋಡಿ ಬರೆದದ್ದಲ್ಲ.

ಜೈಶಂಕರ್ ಅವರ ವಾದದಲ್ಲಿ ಹುರುಳೇ ಇರಲಿಲ್ಲ ಅಂತ ನಾನು ಹೇಳುತ್ತಿಲ್ಲ. ಭದ್ರತೆಯ ಕಾರಣಕ್ಕೆ ಅವರ ವಿವರ, ಅವರಿರುವ ಜಾಗ ಬಹಿರಂಗ ಮಾಡುವಂತಿಲ್ಲ ಎಂದೂ ಅವರು ಬರೆದಿದ್ದರು. ಇದು ನಿಜವಾದ ವಾದ. ನಮ್ಮೂರಲ್ಲಿ ಹುಟ್ಟಿದವನಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕಾಡಾನೆ ಹಿಡಿಯಲು ನಮ್ಮ ಬಿಡಾರದ ಆನೆಗಳು, ಮಾವುತರು, ಕಾವಾಡಿಗಳು ಹೊರಟರೆ ಅಧಿಕಾರಿಗಳು ಮೊದಲು ಕೇಳಿಕೊಳ್ಳುವುದೇ ಜನ ಸೇರಬೇಡಿ, ಕೂಗಬೇಡಿ ಅಂತ. ಜನ ಸೇರಿಯೇ ಸೇರುತ್ತಾರೆ, ಮೊಬೈಲ್ ಎತ್ತಿಯೇ ಎತ್ತುತ್ತಾರೆ, ಅದು ಬೇರೆ ಮಾತು. ಅದೇ 2023ರ ಏಪ್ರಿಲ್‌ನಲ್ಲಿ, ಸುಡಾನ್ ಸುದ್ದಿಗೆ ಕೆಲವೇ ದಿನ ಮುಂಚೆ, ಚನ್ನಗಿರಿ ಕಡೆ ನಡೆದ ಇಂಥ ಕಾರ್ಯಾಚರಣೆಯಲ್ಲಿ ನಮ್ಮ ಬಿಡಾರದ ವೈದ್ಯರು ಆನೆ ದಾಳಿಗೆ ಸಿಕ್ಕಿ ತೀವ್ರವಾಗಿ ಗಾಯಗೊಂಡಿದ್ದರು. ಕೆಣಕಿದ ಆನೆಯ ಹತ್ತಿರ ಇರುವವನಿಗೆ ದೂರದಲ್ಲಿರುವವನ ಕೂಗು ಎಷ್ಟು ದುಬಾರಿ ಅಂತ ಇಲ್ಲಿ ಯಾರಿಗೂ ಪಾಠ ಹೇಳಬೇಕಾಗಿಲ್ಲ.

ಆದರೆ ಇಲ್ಲಿ ಇನ್ನೊಂದು ಸಂಗತಿಯೂ ಎಲ್ಲರಿಗೂ ಗೊತ್ತು. ಆ ಮೌನ ಕೆಲವು ಗಂಟೆಗಳದ್ದು. ತೋಟ ಕಳೆದುಕೊಂಡವರು ಮಾರನೇ ದಿನ ಅರಣ್ಯ ಇಲಾಖೆ ಕಚೇರಿ ಮುಂದೆ ಕೂತು ಇಷ್ಟು ದಿನ ಏನು ಮಾಡ್ತಿದ್ರಿ ಅಂತ ಕೇಳಿಯೇ ಕೇಳುತ್ತಾರೆ, ಕೇಳಬೇಕು. ಆನೆ ಮುಂದೆ ಕೂಗಬಾರದು, ಆಫೀಸಿನ ಮುಂದೆ ಕೂಗಬಹುದು. ನನಗೆ ಬಹಳ ಕಾಲ ಇಷ್ಟೇ ಸಾಕಾಗಿತ್ತು ಅನ್ನಿಸುತ್ತಿತ್ತು. ತೊಂದರೆ ಏನೆಂದರೆ ಟ್ವಿಟರಿಗೆ ಗೋಡೆ ಇಲ್ಲ. ದೆಹಲಿಯ ಆಫೀಸಿನ ಮುಂದೆ ಕೂಗಿದ್ದು ಖಾರ್ಟೂಮ್‌ನ ಬಂದೂಕುಧಾರಿಗೂ ಕೇಳಿಸುತ್ತದೆ. ಹಾಗಾಗಿ ಎಲ್ಲಿ ಕೂಗಿದ ಅನ್ನುವುದರ ಜೊತೆ ಏನಂತ ಕೂಗಿದ ಅನ್ನುವುದನ್ನೂ ನೋಡಬೇಕಾಗುತ್ತದೆ. ಸಿದ್ದರಾಮಯ್ಯನವರ ಟ್ವೀಟಿನಲ್ಲಿದ್ದದ್ದು ದೇಶ, ಸಮುದಾಯ, ಸಂಖ್ಯೆ. ಬೀದಿಯಿಲ್ಲ, ಮನೆಯಿಲ್ಲ, ಹೆಸರಿಲ್ಲ. ಇದರಿಂದ ಅವರಿಗೆ ಅಪಾಯ ಹೆಚ್ಚಾಯಿತು ಅಂತ ಒಪ್ಪಿಕೊಳ್ಳಲು ನನಗೆ ಕಷ್ಟ.

ಎಲ್ಲಕ್ಕಿಂತ ಮುಖ್ಯವಾದ ಸಂಗತಿಯನ್ನು ಆ ಜಗಳದಲ್ಲಿ ಎರಡೂ ಕಡೆಯವರು ಮರೆತರು. ಮೊದಲು ಕೂಗಿದ್ದು ರಾಜಕಾರಣಿಗಳಲ್ಲ. ಸುಡಾನ್‌ನಲ್ಲಿದ್ದ ಹಕ್ಕಿಪಿಕ್ಕಿ ಜನರೇ ಫೋನಿನಲ್ಲಿ ಪತ್ರಕರ್ತರ ಜೊತೆ ಮಾತಾಡಿದರು. ಊಟ ನೀರಿಲ್ಲ, ಸುತ್ತ ಗುಂಡಿನ ಸದ್ದು, ಏನಾದರೂ ಮಾಡಿ ಅಂದರು. ಅಪಾಯದ ಲೆಕ್ಕ ಹಾಕುವ ಹಕ್ಕು ಯಾರಿಗಾದರೂ ಇದ್ದರೆ ಮೊದಲು ಅವರಿಗೆ. ಕೂಗಿದರೆ ಗುಂಡು ಬೀಳಬಹುದು, ಕೂಗದಿದ್ದರೆ ಯಾರಿಗೂ ನೆನಪೇ ಆಗದೆ ಉಳಿದುಬಿಡಬಹುದು. ಈ ಎರಡರಲ್ಲಿ ಅವರು ಕೂಗುವುದನ್ನು ಆರಿಸಿಕೊಂಡರು. ತಲೆತಲಾಂತರದಿಂದ ಸುಮ್ಮನಿದ್ದಾಗ ಏನು ಸಿಕ್ಕಿತು ಅಂತ ಬಲ್ಲವರ ಆಯ್ಕೆ ಅದು. ಮೌನವೇ ಸುರಕ್ಷಿತ ಅನ್ನುವ ಮಾತು, ಸುಮ್ಮನಿದ್ದರೂ ಯಾರಾದರೂ ಲೆಕ್ಕಕ್ಕೆ ಹಿಡಿಯುತ್ತಾರೆ ಅಂತ ಗೊತ್ತಿರುವವರ ಬಾಯಿಗೆ ಸರಿ. ಕಂಪನಿಯ ಎಚ್‌ಆರ್, ಟ್ರಾವೆಲ್ ಡೆಸ್ಕ್, ವಿಮೆ, ಲಿಂಕ್ಡ್‌ಇನ್ ಎಲ್ಲ ಇರುವ ನನಗೆ ಮೌನ ಅಗ್ಗ. ಅವರಿಗೆ ಇದ್ದದ್ದು ಒಂದು ಫೋನು, ಅದರಲ್ಲಿ ಉಳಿದಿದ್ದ ಚಾರ್ಜು.

ಹಾಗಂತ ಕೂಗಿದವರೆಲ್ಲ ಸಾಚಾ ಅಂತಲೂ ಅಲ್ಲ. ಪ್ರಶ್ನೆ ಸರಿಯಿದ್ದೂ ಅದು ಎಲ್ಲೆಲ್ಲಿಗೋ ಹೋಗುವುದಕ್ಕೆ ಅಮೆರಿಕದ ಬೆಂಗಾಜಿ ಪ್ರಕರಣ ನೋಡಬೇಕು. 2012ರ ಸೆಪ್ಟೆಂಬರ್ 11ರ ರಾತ್ರಿ ಲಿಬಿಯಾದ ಬೆಂಗಾಜಿಯಲ್ಲಿ ಅಮೆರಿಕದ ಕಚೇರಿಯ ಮೇಲೆ ದಾಳಿಯಾಗಿ ರಾಯಭಾರಿ ಕ್ರಿಸ್ ಸ್ಟೀವನ್ಸ್ ಸೇರಿ ನಾಲ್ವರು ಸತ್ತರು. ಅಧ್ಯಕ್ಷೀಯ ಚುನಾವಣೆಗೆ ಎರಡು ತಿಂಗಳೂ ಇರಲಿಲ್ಲ. ಸತ್ತವರ ಸುದ್ದಿ ಪೂರ್ತಿ ಹೊರಬರುವ ಮುಂಚೆಯೇ ಅಭ್ಯರ್ಥಿ ಮಿಟ್ ರಾಮ್ನಿ ಸರ್ಕಾರವನ್ನು ಟೀಕಿಸಿ ಹೇಳಿಕೆ ಕೊಟ್ಟಾಗಿತ್ತು. ಕೇಳಬೇಕಾದ ಪ್ರಶ್ನೆ ಖಂಡಿತ ಇತ್ತು. ಹೆಚ್ಚು ಭದ್ರತೆ ಬೇಕು ಅಂತ ಲಿಬಿಯಾದಿಂದ ಕೋರಿಕೆಗಳು ಹೋಗಿದ್ದವು. ಅಲ್ಲಿದ್ದ ಭದ್ರತೆ ತೀರಾ ಸಾಲದಾಗಿತ್ತು ಅಂತ ಸರ್ಕಾರವೇ ನೇಮಿಸಿದ ಪರಿಶೀಲನಾ ಮಂಡಳಿ ಡಿಸೆಂಬರ್‌ನಲ್ಲಿ ಹೇಳಿತು. ಅಲ್ಲಿಗೆ ಹೊಣೆ ಗೊತ್ತುಮಾಡಿ, ಉಳಿದ ಕಚೇರಿಗಳನ್ನು ಭದ್ರಮಾಡಿ ಮುಗಿಸಬಹುದಿತ್ತು. ಆದರೆ ಸಮಿತಿಯ ಮೇಲೆ ಸಮಿತಿ ಬಂತು. 2015ರ ಅಕ್ಟೋಬರ್‌ನಲ್ಲಿ ಹಿಲರಿ ಕ್ಲಿಂಟನ್ ಒಂದೇ ದಿನ ಸುಮಾರು ಹನ್ನೊಂದು ಗಂಟೆ ಸಮಿತಿ ಮುಂದೆ ಕೂತರು. ಆ ಹೊತ್ತಿಗೆ ವಿಷಯ ಅವರ ಇಮೇಲ್ ಸರ್ವರ್‌ಗೆ ತಿರುಗಿಯಾಗಿತ್ತು. ಸ್ಟೀವನ್ಸ್ ಜೊತೆ ಸತ್ತ ಉಳಿದ ಮೂವರ ಹೆಸರು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಶಾನ್ ಸ್ಮಿತ್, ಟೈರೋನ್ ವುಡ್ಸ್, ಗ್ಲೆನ್ ಡೋಹರ್ಟಿ.

ಅಲ್ಲಿ ಪ್ರಶ್ನೆ ಕೇಳಿದ್ದು ತಪ್ಪಲ್ಲ. ಉತ್ತರ ಬಂದಮೇಲೂ ಕೇಳುತ್ತಲೇ ಇದ್ದದ್ದು, ಉತ್ತರದಿಂದ ಏನೂ ಆಗಬೇಕಿಲ್ಲದವರು ಕೇಳಿದ್ದು ಅನುಮಾನ ಹುಟ್ಟಿಸುತ್ತದೆ. ನಾನು ಒಂದು ಸಣ್ಣ ಪರೀಕ್ಷೆ ಇಟ್ಟುಕೊಂಡಿದ್ದೇನೆ: ಈ ಪ್ರಶ್ನೆಗೆ ನಾಳೆ ಬೆಳಿಗ್ಗೆ ಒಳ್ಳೆಯ ಉತ್ತರ ಬಂದುಬಿಟ್ಟರೆ ಕೇಳಿದವರಿಗೆ ಖುಷಿಯಾಗುತ್ತದಾ, ಬೇಜಾರಾಗುತ್ತದಾ? ಸಿದ್ದರಾಮಯ್ಯನವರ ಮೊದಲ ಟ್ವೀಟು ಇದರಲ್ಲಿ ಪಾಸಾಗುತ್ತದೆ. ಎರಡನೆಯದರ ಕೊಂಕು ಬೇಕಿರಲಿಲ್ಲ. ಅದು ಜೈಶಂಕರ್‌ಗೆ ಕೊಟ್ಟ ಪೆಟ್ಟು, ಎಲ್ ಫಾಶರ್‌ನಲ್ಲಿದ್ದವರಿಗೆ ಅದರಿಂದ ಏನೂ ಸಿಗಲಿಲ್ಲ. ‘ದಿಗ್ಭ್ರಮೆ’ಯೂ ಅಷ್ಟೆ. ಸಂಪರ್ಕದಲ್ಲಿದ್ದೇವೆ, ವಿವರ ಹೇಳುವಂತಿಲ್ಲ ಅಂತ ಎರಡು ಸಾಲು ಸಾಕಿತ್ತು. ವಿರೋಧ ಪಕ್ಷದ ನಾಯಕನ ಕೆಲಸವೇ ಕೇಳುವುದು. ಕೇಳಿದ್ದಕ್ಕೆ ‘ಭಾರತೀಯರನ್ನು ಅಪಾಯಕ್ಕೆ ದೂಡುತ್ತಿದ್ದೀರಿ’ ಅನ್ನುವುದು ಉತ್ತರವಲ್ಲ, ಬಾಯಿ ಮುಚ್ಚಿಸುವ ಉಪಾಯ. ಚುನಾವಣೆ ಹತ್ತಿರ ಇದ್ದದ್ದು ಕೇಳಿದವರಿಗೆ ಮಾತ್ರವಲ್ಲ, ಉತ್ತರ ಕೊಟ್ಟವರಿಗೂ.

ಆಮೇಲೆ ನಡೆದದ್ದು ಮೆಚ್ಚುವಂಥದ್ದು, ಅದನ್ನು ಹೇಳದಿದ್ದರೆ ಅನ್ಯಾಯ. ಏಪ್ರಿಲ್ 24ರಂದು ‘ಆಪರೇಷನ್ ಕಾವೇರಿ’ ಘೋಷಣೆಯಾಯಿತು. ಐಎನ್‌ಎಸ್ ಸುಮೇಧಾ ಮೊದಲ 278 ಜನರನ್ನು ಪೋರ್ಟ್ ಸುಡಾನ್‌ನಿಂದ ಜೆಡ್ಡಾಗೆ ತಂದಿತು. ಖಾರ್ಟೂಮ್ ಹತ್ತಿರದ ವಾದಿ ಸೈಯಿದ್ನಾದಲ್ಲಿ, ದೀಪವೂ ಇಲ್ಲದ ರನ್‌ವೇ ಮೇಲೆ, ವಾಯುಪಡೆಯ ಸಿ-130ಜೆ ವಿಮಾನ ರಾತ್ರಿ ಇಳಿದು 121 ಮಂದಿಯನ್ನು ಎತ್ತಿಕೊಂಡು ಬಂತು. ಏಪ್ರಿಲ್ 28ರಂದು ಬೆಂಗಳೂರಿಗೆ ಬಂದ ವಿಮಾನದಲ್ಲಿ 362 ಜನರಿದ್ದರು, ಅವರಲ್ಲಿ ಹಕ್ಕಿಪಿಕ್ಕಿಗಳೇ ಬಹಳ. ಒಟ್ಟು 3,862 ಜನ ವಾಪಸಾದರು. ಕಟ್ಟಡವಿಲ್ಲದ ಒಂದು ರಾಯಭಾರ ಕಚೇರಿ, ತನ್ನ ತಲೆ ಮೇಲೂ ಗುಂಡು ಹಾರುತ್ತಿರುವಾಗ, ಫೋನಿನಲ್ಲೇ ಜನರನ್ನು ಹುಡುಕಿ, ಬಸ್ಸು ಹೊಂದಿಸಿ, ದಡಕ್ಕೆ ಸೇರಿಸಿತು. ರಾಯಭಾರ ಕಚೇರಿ ಅಂದರೆ ಬಾಲ್ಕನಿ, ಕಂಬ, ಧ್ವಜ ಅಂದುಕೊಂಡವರು ಇದನ್ನೊಮ್ಮೆ ನೆನೆಯಬೇಕು. ಕಟ್ಟಡ ಬಿಟ್ಟುಹೋದ ಮೇಲೂ ಅದರ ಮುಖ್ಯ ಕೆಲಸ ನಡೆಯುತ್ತಿತ್ತು.

ಮೇ 7ರಂದು, ಮತದಾನಕ್ಕೆ ಮೂರು ದಿನ ಇರುವಾಗ, ಪ್ರಚಾರಕ್ಕೆ ಶಿವಮೊಗ್ಗಕ್ಕೆ ಬಂದ ಪ್ರಧಾನಿ ಮೋದಿ ಸುಡಾನ್‌ನಿಂದ ಮರಳಿದ ಹಕ್ಕಿಪಿಕ್ಕಿಗಳನ್ನು ಭೇಟಿ ಮಾಡಿದರು. ಕೆಲವು ರಾಜಕಾರಣಿಗಳು ಈ ವಿಷಯದಲ್ಲಿ ರಾಜಕೀಯ ಮಾಡಿದರು, ಸದ್ದು ಮಾಡಿದ್ದರೆ ನಿಮಗೇ ಅಪಾಯವಾಗುತ್ತಿತ್ತು, ಅದಕ್ಕೇ ನಾವು ಸದ್ದಿಲ್ಲದೆ ಕೆಲಸ ಮಾಡಿದೆವು ಎಂಬರ್ಥದ ಮಾತು ಹೇಳಿದರು. ಕ್ಯಾಮೆರಾಗಳ ಮುಂದೆ. ಜೀವಗಳು ಈಗ ಅಪಾಯದಲ್ಲಿರಲಿಲ್ಲ, ನಿಜ; ಹಾಗಾಗಿ ಹೇಳುವುದರಲ್ಲಿ ತಪ್ಪಿಲ್ಲ ಅನ್ನಬಹುದು. ಆದರೆ ಸಂಕಟದ ಹೊತ್ತಿನಲ್ಲಿ ಕೇಳಿದ್ದು ರಾಜಕೀಯ, ಸಂಕಟ ತೀರಿದ ಮೇಲೆ ವೇದಿಕೆ ಹತ್ತಿರ ಕರೆದು ತೋರಿಸಿದ್ದು ರಾಜಕೀಯವಲ್ಲ ಅನ್ನುವ ಲೆಕ್ಕ ನನಗೆ ಕೂಡುವುದಿಲ್ಲ. ಎರಡೂ ರಾಜಕೀಯವೇ. ರಾಜಕೀಯ ಅಂದರೆ ಬೈಗುಳ ಯಾಕಾಗಬೇಕು ಮಾರಾಯ್ರೆ? ಹಕ್ಕಿಪಿಕ್ಕಿಗಳ ಹೆಸರು ವಿದೇಶಾಂಗ ಸಚಿವರ ಬಾಯಲ್ಲಿ, ಪ್ರಧಾನಿಯ ಎದುರಲ್ಲಿ, ದೆಹಲಿಯ ಇಂಗ್ಲಿಷ್ ಪತ್ರಿಕೆಗಳಲ್ಲಿ ಬಂದದ್ದು ಅದೇ ರಾಜಕೀಯದಿಂದ. ಚುನಾವಣೆ ಇಲ್ಲದ ವರ್ಷದಲ್ಲಿ ಯುದ್ಧ ಶುರುವಾಗಿದ್ದರೆ ಏನಾಗುತ್ತಿತ್ತು ಅನ್ನುವುದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸುವ ಪ್ರಶ್ನೆ.

ಆನೆ ಊರಿನವನಾದ್ದರಿಂದ ಒಂದು ಆನೆ ವಿಷಯ ಹೇಳದೆ ಹೋಗಲಾರೆ. 1949ರಲ್ಲಿ ನೆಹರೂ ಜಪಾನಿನ ಮಕ್ಕಳಿಗೆ ಅಂತ ಟೋಕಿಯೊದ ಉಯೆನೊ ಮೃಗಾಲಯಕ್ಕೆ ಒಂದು ಆನೆ ಕಳಿಸಿದರು. ಹೆಸರು ಇಂದಿರಾ, ಮೈಸೂರಿನದು. ಅದಕ್ಕೆ ಬರುತ್ತಿದ್ದದ್ದು ಕನ್ನಡ ಮಾತ್ರ. ಹಾಗಾಗಿ ಅಲ್ಲಿನ ಪಾಲಕರು ಜೊತೆಗೆ ಹೋದ ನಮ್ಮ ಮಾವುತರಿಂದ ಕನ್ನಡದ ಆಜ್ಞೆಗಳನ್ನು ಕಲಿತರು. ಯುದ್ಧದಲ್ಲಿ ಸೋತು ಸುಣ್ಣವಾಗಿದ್ದ ಊರಿನಲ್ಲಿ ಒಬ್ಬ ವಿದೇಶಿ ಅತಿಥಿಗಾಗಿ ಭಾಷೆ ಕಲಿತರು. 2025ರ ಜುಲೈನಲ್ಲಿ ಬನ್ನೇರುಘಟ್ಟದಿಂದ ಹಿಮೆಜಿಗೆ ನಾಲ್ಕು ಆನೆಗಳು ವಿಮಾನದಲ್ಲಿ ಹೋದಾಗ ನಮ್ಮೂರಲ್ಲಿ ಈ ಇಂದಿರಾ ಕತೆ ಮತ್ತೆ ಎದ್ದಿತ್ತು. ಪಾಪ, ಇಷ್ಟು ದೂರ ಕಳಿಸ್ತಾರಲ್ಲ, ಅಲ್ಲಿ ಯಾರು ನೋಡ್ಕೊಳ್ತಾರೆ, ಊಟ ಏನು, ಕಾಯಿಲೆ ಬಿದ್ದರೆ ಯಾರು ಅಂತ ಚಹಾ ಅಂಗಡಿಯಲ್ಲಿ ನಾಲ್ಕು ದಿನ ಚರ್ಚೆ. ಯಾರೂ ‘ಯಾಕೆ ಹೋದವು’ ಅಂತ ಕೇಳಲಿಲ್ಲ.

ಎಲ್ ಫಾಶರ್ ಈಗ ಬೇರೆಯೇ ಊರು. ಒಂದೂವರೆ ವರ್ಷ ಮುತ್ತಿಗೆಯಲ್ಲಿದ್ದು 2025ರ ಅಕ್ಟೋಬರ್ ಕೊನೆಯಲ್ಲಿ ಆರ್‌ಎಸ್‌ಎಫ್ ವಶವಾಯಿತು; ಊರವರನ್ನು ಸಾಮೂಹಿಕವಾಗಿ ಕೊಂದ ಸುದ್ದಿಗಳು ಬಂದವು. ನಮ್ಮ ಜಿಲ್ಲೆಯ ಜನರಿಂದ ಎಣ್ಣೆ ಕೊಂಡವರು, ಅವರಿಗೆ ಬಾಡಿಗೆ ಮನೆ ಕೊಟ್ಟವರು, ಯುದ್ಧದ ಮೊದಲ ವಾರ ಪಕ್ಕದ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದವರು ಅಲ್ಲೇ ಇದ್ದರು. ಅವರನ್ನು ಕರೆದುಕೊಂಡು ಹೋಗಲು ಯಾವ ರಾಯಭಾರ ಕಚೇರಿಯೂ ಇರಲಿಲ್ಲ, ಅವರ ಪರವಾಗಿ ಟ್ವೀಟ್ ಮಾಡುವ ವಿರೋಧ ಪಕ್ಷವೂ ಇರಲಿಲ್ಲ.